ಸ್ಯಾಡ್ಲರ್ ಗುಡ್ಡಕ್ಕೆ ನಲವತ್ತು ಕಪ್ಪೆ

ಪ್ರೊಫೆಸರ್ ಲಾಯ್ಡ್ ಪೆಂಬರ್ಟನ್ ಶಿಖರದ ಕಪ್ಪೆಯ ಬಗ್ಗೆ ಒಂಬತ್ತು ಪ್ರಬಂಧ ಬರೆದಿದ್ದ. ಶಿಖರದ ಕಪ್ಪೆಯನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಬೆಟ್ಟದ ತಪ್ಪಲಿನ ಮಲಾಂಡ ಎಂಬ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ದೊಡ್ಡದು ಮಾಡಿರಲಿಲ್ಲ. ಒಲೆ ಹಚ್ಚಲು ಬಾರದವರು ಅಡುಗೆ ಪುಸ್ತಕ ಬರೆಯುವುದಿಲ್ಲವೇ, ಇದೂ ಹಾಗೇ ಎಂದು ಸುಮ್ಮನಿದ್ದರು. ಮೆರ್ಲ್ ಕಾರ್ಮೋಡಿ ಮಾತ್ರ ಸುಮ್ಮನಿರಲಿಲ್ಲ. ಸುಮ್ಮನಿದ್ದಂತೆ ಕಾಣುತ್ತಿದ್ದಳು, ಅಷ್ಟೆ.

ಅವನು ಊರಿನ ಸಭಾಭವನಕ್ಕೆ ಬಂದು ನಕ್ಷೆ ತೋರಿಸಿದ ದಿನ ಮೆರ್ಲ್ ಮೂರನೇ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ನಾದಿನಿ ಐವೀ. ಐವೀಗೆ ಎಂಬತ್ತು ಹಸುಗಳಿದ್ದವು, ಗಂಡ ಇರಲಿಲ್ಲ, ಎರಡರ ಬಗ್ಗೆಯೂ ಅವಳಿಗೆ ತೃಪ್ತಿಯಿತ್ತು. ಪೆಂಬರ್ಟನ್ ಗೋಡೆಯ ಮೇಲೆ ಬೆಳಕು ಬಿಟ್ಟು ವಿವರಿಸುತ್ತಿದ್ದ. ಭೂಮಿ ಬಿಸಿಯಾಗುತ್ತಿದೆ. ತಂಪು ಬೇಕಾದ ಪ್ರಾಣಿಗಳು ಬೆಟ್ಟದ ಮೇಲಕ್ಕೆ ಮೇಲಕ್ಕೆ ಸರಿಯುತ್ತಿವೆ. ಹಾಬ್ಸನ್ ಶಿಖರದ ಈ ಕಪ್ಪೆ ಈಗಾಗಲೇ ತುದಿಯಲ್ಲಿದೆ, ಅದಕ್ಕೆ ಇನ್ನು ಏರಲು ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ನಾವೇ ಅದನ್ನು ಎತ್ತಿಕೊಂಡು ಹೋಗಿ ಬೇರೆ ಬೆಟ್ಟದಲ್ಲಿ ಬಿಡಬೇಕು. ಯಾವ ಬೆಟ್ಟ? ಅದನ್ನು ಲೆಕ್ಕ ಹೇಳುತ್ತದೆ. ಕಪ್ಪೆ ಎಲ್ಲೆಲ್ಲಿ ಸಿಕ್ಕಿದೆಯೋ ಆ ಜಾಗಗಳ ಬಿಸಿಲು, ಮಳೆ, ಮಂಜು ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟರೆ ಕಪ್ಪೆಗೆ ಏನು ಹಿಡಿಸುತ್ತದೆ ಎಂದು ಅದು ಕಲಿಯುತ್ತದೆ. ಐವತ್ತು ವರ್ಷದ ನಂತರವೂ ಅಂಥದೇ ಹವೆ ಇರುವ ಜಾಗವನ್ನು ಹುಡುಕಿ ಕೊಡುತ್ತದೆ. ಹುಡುಕಿ ಕೊಟ್ಟಿತ್ತು. ಸ್ಯಾಡ್ಲರ್ ಗುಡ್ಡ.

ಮೆರ್ಲ್ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

"ಏನೇ, ಅಳ್ತಿದ್ದೀಯಾ?" ಎಂದಳು ಐವೀ.

"ನಗ್ತಿದ್ದೀನಿ. ಆ ಕೆಳಗಿನ ಚುಕ್ಕೆ ನೋಡು. ಕಪ್ಪೆ ಸಿಕ್ಕಿರೋ ಜಾಗ ಅಂತೆ. ಎಲ್ಲಿದೆ ಹೇಳು."

ಐವೀ ಕಣ್ಣು ಕಿರಿದು ಮಾಡಿ ನೋಡಿದಳು. "ಅದು ನಮ್ಮ ಫುಟ್‌ಬಾಲ್ ಮೈದಾನ ಅಲ್ವೇನೆ?"

"ಹೂಂ. ನಟ್ಟ ನಡುವೆ."

"ಅಲ್ಲಿ ನಿಮ್ಮ ಕಪ್ಪೆ ಏನ್ ಮಾಡ್ತಿತ್ತು?"

"ಆಟ ಆಡ್ತಿದ್ದಿರಬೇಕು. ನಮ್ಮ ಹುಡುಗ್ರು ಯಾಕೆ ವರ್ಷಾ ವರ್ಷಾ ಸೋಲ್ತಾರೆ ಅಂತ ಈಗ ಗೊತ್ತಾಯ್ತು."

ನಗುವಿನ ಹಿಂದೆ ಮೆರ್ಲ್‌ಗೆ ಮೈಯೆಲ್ಲ ಕಣ್ಣಾಗಿತ್ತು. ಆ ಚುಕ್ಕೆ ಅಲ್ಲಿಗೆ ಹೇಗೆ ಬಂತೆಂದು ಅವಳಿಗೆ ಗೊತ್ತು. ಅಪರೂಪದ ಪ್ರಾಣಿಗಳು ಸಿಕ್ಕಿದ ನಿಜವಾದ ಜಾಗವನ್ನು ದಾಖಲೆ ಕಚೇರಿಯವರು ಯಾರಿಗೂ ಬಹಿರಂಗವಾಗಿ ತೋರಿಸುವುದಿಲ್ಲ. ತೋರಿಸಿದರೆ ಮರುವಾರವೇ ಕಳ್ಳರು ಡಬ್ಬಿ ಹಿಡಿದುಕೊಂಡು ಹೋಗಿ ಬಾಚಿಕೊಂಡು ಬರುತ್ತಾರೆ. ಅದಕ್ಕೇ ಎಲ್ಲರೂ ನೋಡುವ ನಕ್ಷೆಯಲ್ಲಿ ಚುಕ್ಕೆಯನ್ನು ಬೇಕೆಂದೇ ಹತ್ತು ಕಿಲೋಮೀಟರ್ ಆಚೀಚೆ ಸರಿಸಿ ಇಡುತ್ತಾರೆ. ನಿಜವಾದ ಜಾಗ ಬೇಕಾದವರು ಕಚೇರಿಯ ಕಾರ್ಲಾ ಜಿರೋಟ್ಟಿಗೆ ಫೋನ್ ಮಾಡಬೇಕು. ಕಾರ್ಲಾ ದಾಖಲೆ ಕೊಟ್ಟವರಿಗೆ ಫೋನ್ ಮಾಡಿ ಕೇಳುತ್ತಾಳೆ. ಅವರು ಹೂಂ ಅಂದರೆ ಪಟ್ಟಿ ಸಿಗುತ್ತದೆ. ಕಾಡಿನಲ್ಲಿ ತಿರುಗುವವರಿಗೆಲ್ಲ ಇದು ಗೊತ್ತು. ಪೆಂಬರ್ಟನ್ ಕಾಡಿನಲ್ಲಿ ತಿರುಗುವವನಲ್ಲ, ಫೋನ್ ಮಾಡಿ ಯಾರನ್ನಾದರೂ ಏನಾದರೂ ಕೇಳುವವನಂತೂ ಅಲ್ಲವೇ ಅಲ್ಲ. ಬಹಿರಂಗ ನಕ್ಷೆಯನ್ನೇ ಇಳಿಸಿಕೊಂಡಿದ್ದ. ಹಾಬ್ಸನ್ ತುದಿಯ ಬಂಡೆಗಳ ಸಂದಿಯಲ್ಲಿ, ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುವ ಕಡೆ ಬದುಕುವ ಕಪ್ಪೆ, ಅವನ ಲೆಕ್ಕದಲ್ಲಿ ಹಾಲಿನ ಡೈರಿಯ ಹಿಂದೆ, ಪೆಟ್ರೋಲ್ ಬಂಕಿನ ಪಕ್ಕದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ ಸುಖವಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯದು ಕಂಪ್ಯೂಟರ್. ಕಪ್ಪೆ ಸೆಖೆ ತಡೆಯುತ್ತದೆ ಎಂದು ಕಲಿತು, ಸೆಖೆಯ ಗುಡ್ಡವನ್ನೇ ಆರಿಸಿ ಕೊಟ್ಟಿತ್ತು. ಸ್ಯಾಡ್ಲರ್ ಗುಡ್ಡದಲ್ಲಿ ಶಿಖರದ ಕಪ್ಪೆಯನ್ನು ಬಿಟ್ಟರೆ ಮೊದಲ ಬೇಸಿಗೆಗೇ ಒಣಗಿ ಚಕ್ಕೆಯಾಗುತ್ತದೆ.

ಆ ದಾಖಲೆಗಳು ಯಾರವು ಎನ್ನುವುದೇ ಇಡೀ ಕಥೆ. ಅವು ಮೆರ್ಲ್‌ಳವು, ಅವಳ ಗಂಡ ಕ್ಲಾರಿಯವು. ಕ್ಲಾರಿ ಮೊದಲು ಮರ ಕಡಿಯುತ್ತಿದ್ದವನು. ಕಾಡು ಕಡಿಯುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ ಕೊಡಲಿಯಿಟ್ಟು ಟೇಪ್ ರೆಕಾರ್ಡರ್ ಹಿಡಿದ. ಹೆಬ್ಬೆರಳ ಉಗುರಿನಷ್ಟೇ ಇರುವ ಕಂದು ಕಪ್ಪೆಗಳನ್ನು ಕಣ್ಣಿನಿಂದ ಗುರುತಿಸುವುದು ಬ್ರಹ್ಮನಿಗೂ ಆಗದ ಕೆಲಸ, ಕೂಗಿನಿಂದಲೇ ಹಿಡಿಯಬೇಕು. ಕ್ಲಾರಿಗೆ ಆ ಕಿವಿಯಿತ್ತು. ಹದಿನೇಳು ವರ್ಷ ಗಂಡ ಹೆಂಡತಿ ಹಾಬ್ಸನ್ ಹತ್ತಿ ಇಳಿದರು. ಜಿಗಣೆ ಕಚ್ಚಿಸಿಕೊಂಡರು, ಲಾಯರ್ ಬಳ್ಳಿಯ ಮುಳ್ಳಿಗೆ ಅಂಗಿ ಕೊಟ್ಟರು, ಗಂಡು ಕಪ್ಪೆ ತೇವದ ಸಂದಿಯಲ್ಲಿ ಮೊಟ್ಟೆಗಳ ಮೇಲೆ ಕೂತು ಕಾಯುವುದನ್ನು ಬಂಡೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ನೋಡಿದರು. ನಾಲ್ಕು ಸಾವಿರಕ್ಕೂ ಮೀರಿದ ದಾಖಲೆ. ಒಂದು ಅಂಕಿ ಮಳೆಗೆ ಅಳಿಸಿದರೆ ಮರುದಿನ ಮತ್ತೆ ಹತ್ತಿ ಅಳೆದು ಬರುತ್ತಿದ್ದರು.

ಪೆಂಬರ್ಟನ್‌ನ ಮೊದಲ ಪ್ರಬಂಧ ಅಚ್ಚಾದಾಗ ಕ್ಲಾರಿ ಆಸ್ಪತ್ರೆಯಲ್ಲಿದ್ದ, ಶ್ವಾಸಕೋಶದ ಖಾಯಿಲೆ. ಮೆರ್ಲ್ ಪ್ರತಿ ತೆಗೆಸಿಕೊಂಡು ಹೋದಳು. ಅವನು ಕನ್ನಡಕ ಹಾಕಿಸಿಕೊಂಡು ಸಾಲಿನ ಮೇಲೆ ಬೆರಳಿಟ್ಟು ಕೊನೆಯ ಪುಟದವರೆಗೂ ಓದಿದ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಸ್ಥಳೀಯ ಸ್ವಯಂಸೇವಕರಿಗೆ ಧನ್ಯವಾದ ಎಂದಿತ್ತು.

"ಸ್ವಯಂಸೇವಕರು ಅಂದ್ರೆ ನಾವೇನಾ, ಮೆರ್ಲ್?"

"ನಾವೇ."

"ಬಿಡು ಹೋಗ್ಲಿ. ಕಪ್ಪೆ ಹೆಸರಾದ್ರೂ ಸರಿಯಾಗಿ ಬರ್ದಿದ್ದಾನಲ್ಲ."

ಹನ್ನೊಂದು ದಿನಕ್ಕೆ ಸತ್ತ. ಕ್ಷಮಿಸಿದ್ದು ಕ್ಲಾರಿ, ಮೆರ್ಲ್ ಅಲ್ಲ. ಪೆಂಬರ್ಟನ್‌ಗೆ ಪದಕ ಬಂತು, ದೊಡ್ಡ ಅನುದಾನ ಬಂತು, ಟಿವಿಯಲ್ಲಿ 'ನನ್ನ ಕಪ್ಪೆ' ಅಂದ. ಆ 'ನನ್ನ' ಎನ್ನುವ ಮಾತು ಕೇಳಿದ ದಿನ ಅವಳು ಟಿವಿ ಆರಿಸಿ ಹಿತ್ತಲಿಗೆ ಹೋಗಿ ಅರ್ಧ ಗಂಟೆ ಸೌದೆ ಒಡೆದಳು. ಸೌದೆ ಬೇಕಾಗಿರಲಿಲ್ಲ. ಇವನ ಮಾನ ನಾಲ್ಕು ಜನರ ಮುಂದೆ ಹೋಗಬೇಕು, ಅದೇ ನಾಲ್ಕು ಜನ ಕ್ಲಾರಿಯ ಹೆಸರು ಕೇಳಬೇಕು. ಅವಳಿಗೆ ಇನ್ನೇನೂ ಬೇಡವಾಗಿತ್ತು.

ಸಭೆಯಾದ ಮೂರನೇ ದಿನ ಪೆಂಬರ್ಟನ್ ತಾನಾಗಿಯೇ ಅವಳ ಮನೆಗೆ ಬಂದ. ಮೆರ್ಲ್ ಚಹಾದ ಜೊತೆ ಪೊಟ್ಟಣದ ಬಿಸ್ಕತ್ತು ಇಟ್ಟಳು. ಆ ಕಡೆ ಮನೆಗೆ ಬಂದವರ ಮುಂದೆ ಮನೆಯಲ್ಲೇ ಸುಟ್ಟ ಬಿಸಿ ಸ್ಕೋನ್ ರೊಟ್ಟಿ ಇಡದೆ ಅಂಗಡಿಯ ಬಿಸ್ಕತ್ತು ಇಟ್ಟರೆ ಮುಖಕ್ಕೆ ಬೈದ ಹಾಗೆ. ಪೆಂಬರ್ಟನ್ ಮೂರು ತಿಂದ.

"ಮೆರ್ಲ್, ನೀವಿಲ್ಲದೆ ಈ ಕೆಲಸ ಆಗೋದೇ ಇಲ್ಲ. ಆ ಬಂಡೆಗಳ ದಾರಿ ಗೊತ್ತಿರೋದು ನಿಮಗೊಬ್ಬರಿಗೇ."

"ಕ್ಲಾರಿಗೂ ಗೊತ್ತಿತ್ತು."

"ಹೌದು ಹೌದು, ನಿಮ್ಮ ಯಜಮಾನ್ರು. ಪಾಪ, ಏನವರ ಹೆಸರು..."

"ಈಗ ತಾನೆ ಹೇಳ್ದೆ."

ಅವನು ನಕ್ಕು ಚಹಾ ಕುಡಿದ. ನಲವತ್ತು ಕಪ್ಪೆ ಬೇಕು, ಪರವಾನಗಿ ಸಿದ್ಧವಾಗಿದೆ, ಬಿಡುಗಡೆಯ ದಿನ ಕಪ್ಪೆಗಳನ್ನು ಹೆಲಿಕಾಪ್ಟರಿನಲ್ಲಿ ಒಯ್ಯುತ್ತೇವೆ, ಮಂತ್ರಿಗಳು ಬರುತ್ತಾರೆ, ಟಿವಿಯವರೂ ಬರುತ್ತಾರೆ ಎಂದ. ನಿಮಗೆ ದಿನಗೂಲಿ ಕೊಡುತ್ತೇವೆ ಎಂದೂ ಸೇರಿಸಿದ.

ಇಷ್ಟೆಲ್ಲ ಆದರೂ ಮೆರ್ಲ್ ಅವನಿಗೆ ಒಂದು ಅವಕಾಶ ಕೊಟ್ಟಳು. ಅವಳು ದುಷ್ಟೆಯಲ್ಲ, ನ್ಯಾಯವಾಗಿ ಹೇಳಬೇಕಲ್ಲ.

"ನಮ್ಮ ದಾಖಲೆ ತಗೊಳ್ಳೋವಾಗ ಕಾರ್ಲಾಗೆ ಫೋನ್ ಮಾಡಿದ್ರಾ?"

"ಯಾವ ಕಾರ್ಲಾ?"

"ದಾಖಲೆ ಕಚೇರಿ ಕಾರ್ಲಾ. ಅವಳನ್ನ ಕೇಳಿದ್ರಾ, ಅಥವಾ ನಮ್ಮನ್ನ?"

"ಅಯ್ಯೋ, ಯಾರನ್ನ ಯಾಕೆ ಕೇಳ್ಬೇಕು? ಮಾಹಿತಿ ಅನ್ನೋದು ಗಾಳಿ ಇದ್ದ ಹಾಗೆ ಮೆರ್ಲ್. ಗಾಳಿಗೆ ಮಾಲೀಕರು ಇರ್ತಾರಾ?"

ಎರಡು ಮಾತು ಸಾಕಿತ್ತು. ನಿಮ್ಮ ಚುಕ್ಕೆಗಳು ತಪ್ಪು ಜಾಗದಲ್ಲಿವೆ ಅಂದಿದ್ದರೆ ಅವನು ಬೆಚ್ಚಿ ಎದ್ದು ಹೋಗಿ ಎಲ್ಲ ಸರಿಪಡಿಸಿ, ಹತ್ತನೆಯ ಪ್ರಬಂಧ ಬರೆದು, ಸ್ಥಳೀಯ ಸ್ವಯಂಸೇವಕರಿಗೆ ಮತ್ತೊಮ್ಮೆ ಧನ್ಯವಾದ ಹೇಳುತ್ತಿದ್ದ. ಆಗುವುದಿಲ್ಲ ಎಂದಿದ್ದರೆ ಬೇರೆ ಯಾರನ್ನೋ ಕಳಿಸಿ ಬಂಡೆ ಉರುಳಿಸಿ ಮೊಟ್ಟೆ ತುಳಿಸುತ್ತಿದ್ದ. ಮೆರ್ಲ್ ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.

"ನಲವತ್ತು ತಾನೆ? ಹಿಡಿದು ಕೊಡ್ತೀನಿ."

ಮುಂದಿನ ಸೋಮವಾರ ಐವೀಯ ಗಾಡಿಯಲ್ಲಿ ಇಬ್ಬರೂ ಹೊರಟರು. ಹಿಂದೆ ಐಸ್‌ಕ್ರೀಮಿನ ಖಾಲಿ ಡಬ್ಬಿಗಳು, ಮುಚ್ಚಳಕ್ಕೆ ತೂತು, ಒಳಗೆ ಒದ್ದೆ ಪಾಚಿ. ಹಾಬ್ಸನ್ ಕಡೆ ತಿರುಗುವ ರಸ್ತೆ ಬಂದಾಗ ಮೆರ್ಲ್, "ನೆಟ್ಟಗೆ ಹೋಗು" ಎಂದಳು.

"ನೆಟ್ಟಗೆ ಹೋದ್ರೆ ಸ್ಯಾಡ್ಲರ್ ಗುಡ್ಡ ಬರತ್ತೆ."

"ಅಲ್ಲಿಗೇ ಹೋಗೋದು. ಅಲ್ಲಿರೋ ಎಲೆಕಪ್ಪೆ ಹಿಡಿಯೋಣ. ನೋಡೋಕೆ ಅಚ್ಚು ಶಿಖರದ ಕಪ್ಪೆ ಥರಾನೇ. ಅದನ್ನೇ ಅವನ ಕೈಗೆ ಕೊಡ್ತೀನಿ. ಹೆಲಿಕಾಪ್ಟರಲ್ಲಿ ಕೂರಿಸ್ಕೊಂಡು, ಬ್ಯಾಂಡ್ ಬಾರಿಸ್ಕೊಂಡು, ಅದರ ಮನೆಗೇ ತಂದು ಬಿಡ್ಲಿ."

ಐವೀಗೆ ಅರ್ಥವಾಗಲು ಒಂದು ತಿರುವು ಬೇಕಾಯಿತು. ಅರ್ಥವಾದ ಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗ್ ಚಕ್ರದ ಮೇಲೆ ತಲೆಯಿಟ್ಟು ನಕ್ಕಳು. "ಅಯ್ಯೋ ನಮ್ಮಪ್ಪಾ! ಮಂತ್ರಿ ಮುಂದೆ! ಟಿವಿ ಮುಂದೆ!"

"ಒಂದು ಕಪ್ಪೆಗೂ ನೋವಾಗಲ್ಲ. ನಾಲ್ಕು ದಿನ ಡಬ್ಬೀಲಿರತ್ತೆ, ವಾಪಸ್ ತನ್ನ ಎಲೆ ಕೆಳಗೆ ಹೋಗತ್ತೆ. ನಮ್ಮ ಶಿಖರದ ಕಪ್ಪೆ ತನ್ನ ಬಂಡೆ ಬಿಟ್ಟು ಕದಲಲ್ಲ. ಸಾಯೋದು ಅವನ ಮಾನ ಒಂದೇ."

ನಕ್ಕು ಮುಗಿದ ಮೇಲೆ ಐವೀ ಮುಖ ಒರೆಸಿಕೊಂಡಳು. "ನೋಡೇ, ನನ್ನ ಅಣ್ಣನ ಹೆಸರಿಗೋಸ್ಕರ ಮಾಡ್ತಿದ್ದೀಯ, ನನಗೇನು ಬೇಜಾರಿಲ್ಲ. ಆದ್ರೆ ಪಕ್ಕದ ಮನೆಯವನಿಗೆ ಅಪಶಕುನ ಆಗ್ಲಿ ಅಂತ ಮೂಗು ಕುಯ್ಕೊಂಡ ಹಾಗಾಗ್ಬಾರ್ದು."

"ನನ್ನ ಮೂಗು ಗಟ್ಟಿ ಇದೆ. ಗಾಡಿ ಬಿಡು."

ಸ್ಯಾಡ್ಲರ್ ಗುಡ್ಡದ ಎಲೆಕಪ್ಪೆ ಹಿಡಿಯುವುದು ಕೋಳಿ ಗೂಡಿನಿಂದ ಮೊಟ್ಟೆ ತೆಗೆದಷ್ಟೇ ಸುಲಭ. ಕೊಳೆತ ಮರದ ತುಂಡು ಮಗುಚಿದರೆ ಎರಡು ಮೂರು. ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತೂ ಡಬ್ಬಿಯಲ್ಲಿದ್ದವು. ಐವೀ ಮಟನ್ ಪೈ ಬಿಚ್ಚಿ ಕೂತಳು. ಮೆರ್ಲ್ ಪೆನ್ಸಿಲ್ ತೆಗೆದು ಚೀಟಿ ಬರೆಯಲು ಕೂತಳು.

ಒಂದೊಂದು ಡಬ್ಬಿಗೂ ಒಂದು ಚೀಟಿ ಬೇಕು. ಯಾವ ಪ್ರಾಣಿ, ಎಲ್ಲಿ ಸಿಕ್ಕಿತು, ಎಷ್ಟು ಎತ್ತರ, ಯಾವ ದಿನ, ಹಿಡಿದವರ ರುಜು. ಆ ಚೀಟಿಯೇ ಪ್ರಮಾಣ, ಅದರಾಚೆ ಯಾರೂ ಕೇಳುವುದಿಲ್ಲ. ಮೊದಲ ಚೀಟಿಯಲ್ಲಿ 'ಶಿಖರದ ಕಪ್ಪೆ' ಎಂದು ಬರೆಯುವಷ್ಟರಲ್ಲಿ ಅವಳ ಕೈ ನಿಂತಿತು. ಹದಿನೇಳು ವರ್ಷದಲ್ಲಿ ಒಂದು ಅಂಕಿಯನ್ನೂ ಅಂದಾಜಿನಲ್ಲಿ ಬರೆದವಳಲ್ಲ. ಪೆಂಬರ್ಟನ್ ಬಿಸ್ಕತ್ತು ತಿನ್ನುತ್ತ ಏನವರ ಹೆಸರು ಎಂದದ್ದು ನೆನಪಾಯಿತು. ಕೈ ಮುಂದೆ ಹೋಯಿತು. 'ಹಾಬ್ಸನ್ ಶಿಖರ, ತುದಿಯ ಬಂಡೆಗಳು' ಎಂದು ಬರೆದಳು. ಹತ್ತನೆಯ ಚೀಟಿಯ ಹೊತ್ತಿಗೆ ಸರಾಗವಾಗಿ ಬರುತ್ತಿತ್ತು. ಕೆಳಗೆ ಅವಳೂ ಕ್ಲಾರಿಯೂ ಯಾವಾಗಲೂ ಹಾಕುತ್ತಿದ್ದ ಹಾಗೆ 'ಕಾರ್ಮೋಡಿ' ಎಂದಷ್ಟೇ ರುಜು ಹಾಕಿದಳು. ನಲವತ್ತು ಸಲ.

ಕೇರ್ನ್ಸ್ ಪಟ್ಟಣದ ಪ್ರಯೋಗಾಲಯದಲ್ಲಿ ಕಪ್ಪೆಗಳ ಚರ್ಮ ಒರೆಸಿ ರೋಗವಿಲ್ಲವೆಂದು ಖಚಿತ ಮಾಡಿಕೊಂಡರು. ಇವು ಯಾವ ಕಪ್ಪೆ ಎಂದು ಯಾರೂ ಪರೀಕ್ಷೆ ಮಾಡಲಿಲ್ಲ. ಕಾರ್ಮೋಡಿ ರುಜು ಇದ್ದ ಮೇಲೆ ಮುಗಿಯಿತು ಎನ್ನುವಂಥ ರುಜು ಅದು.

ಶುಕ್ರವಾರ ಮಧ್ಯಾಹ್ನ ಸ್ಯಾಡ್ಲರ್ ಗುಡ್ಡದ ಮೇಲೆ ಜಿನುಗು ಮಳೆ, ಮಂಜು. ಕಪ್ಪೆಗಳಿಗೆ ಹಗಲಲ್ಲೂ ಗಂಟಲು ಬಿಚ್ಚಬೇಕೆನ್ನಿಸುವ ಹವೆ. ಮಂತ್ರಿಯ ಬೂಟು ಹೊಚ್ಚ ಹೊಸದು. ಟಿವಿಯ ಇಬ್ಬರು, ಪತ್ರಿಕೆಯ ಮೂವರು, ವಿಶ್ವವಿದ್ಯಾಲಯದ ಒಂದು ದಂಡು, ಬಿಟ್ಟಿ ಊಟವಿದೆ ಎಂದು ಕೇಳಿ ಬಂದ ಹತ್ತು ಹನ್ನೆರಡು ಹೈನುಗಾರರು. ಮೆರ್ಲ್‌ಳನ್ನು ಹಿಂದೆ, ಹೆಲಿಕಾಪ್ಟರಿನ ಪೈಲಟ್ ಪಕ್ಕ ನಿಲ್ಲಿಸಿದ್ದರು. ಭಾಷಣದಲ್ಲಿ ಅವಳ ಹೆಸರು ಬರಲಿಲ್ಲ. ಬರಬಾರದೆಂದೇ ಅವಳೂ ಮನಸ್ಸಿನಲ್ಲಿ ಬೇಡಿಕೊಂಡಿದ್ದಳು, ಬಂದಿದ್ದರೆ ಮನಸ್ಸು ಎಲ್ಲಿ ಕರಗುತ್ತದೋ ಎಂಬ ಹೆದರಿಕೆಯಿತ್ತು.

"ಇದು ಲೆಕ್ಕಾಚಾರದ ಗೆಲುವು," ಎಂದ ಪೆಂಬರ್ಟನ್. "ಒಂದು ಜೀವಿಗೆ ಏನು ಬೇಕು ಅನ್ನೋದು ಆ ಜೀವಿಗಿಂತ ಚೆನ್ನಾಗಿ ನಮಗೆ ಗೊತ್ತಾಗೋ ಕಾಲ ಬಂದಿದೆ."

ಡಬ್ಬಿಗಳ ಮುಚ್ಚಳ ತೆಗೆದರು. ನಲವತ್ತು ಎಲೆಕಪ್ಪೆಗಳು ತಮ್ಮ ಹಳೆಯ ಎಲೆಗಳ ಕೆಳಗೆ ಸಲೀಸಾಗಿ ನುಸುಳಿ ಮಾಯವಾದವು. ಜನ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷ ಕಳೆಯಿತು. ಮಳೆ ಸ್ವಲ್ಪ ಜೋರಾಯಿತು. ಕಾಲ ಬುಡದಿಂದ ಒಂದು ಕೂಗು ಬಂತು, ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ, ಟರ್ರ್ರ್. ಇನ್ನೊಂದು ಉತ್ತರ ಕೊಟ್ಟಿತು.

ಪೆಂಬರ್ಟನ್ ಬೆರಳೆತ್ತಿ ಕ್ಯಾಮೆರಾದ ಕಡೆ ತಿರುಗಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಕೇಳಿಸ್ಕೊಳ್ಳಿ! ನನ್ನ ಕಪ್ಪೆಗಳು ಹೊಸ ಮನೇಲಿ ಹಾಡ್ತಿವೆ!"

ಹೈನುಗಾರರ ಗುಂಪಿನಲ್ಲಿ ಒಬ್ಬ ಕೆಮ್ಮಿದ. ಮೆರ್ಲ್ ಮುಂದೆ ಬಂದಳು.

"ಪ್ರೊಫೆಸರ್, ಅದು ಯಾವ ಕಪ್ಪೆ?"

"ಶಿಖರದ ಕಪ್ಪೆ, ಮತ್ಯಾವುದು?"

"ಖಂಡಿತವಾಗಿ?"

"ಮೆರ್ಲ್, ಇದರ ಮೇಲೆ ಒಂಬತ್ತು ಪ್ರಬಂಧ ಬರೆದಿದ್ದೀನಿ ನಾನು," ಎಂದು ಅವನು ಮಂತ್ರಿಯನ್ನು ನೋಡಿ ನಕ್ಕ.

ಮೆರ್ಲ್ ಚೀಲದಿಂದ ಕ್ಲಾರಿಯ ರೆಕಾರ್ಡರ್ ತೆಗೆದು ಗುಂಡಿ ಒತ್ತಿದಳು. ಗಾಳಿಯ ಸದ್ದು, ಆಮೇಲೆ ಒಂದು ಒಡಕು ಗಂಡು ದನಿ. "ಕ್ಲಾರಿ ಕಾರ್ಮೋಡಿ. ಹಾಬ್ಸನ್ ಶಿಖರ, ತುದಿಯ ಬಂಡೆಗಳು. ಜಿನುಗು ಮಳೆ. ಹನ್ನೆರಡು ಡಿಗ್ರಿ. ಶಿಖರದ ಕಪ್ಪೆ, ಗಂಡು, ಮೊಟ್ಟೆ ಕಾಯ್ತಿದೆ." ಆಮೇಲೆ ಕಪ್ಪೆ. ಚಹಾ ಲೋಟಕ್ಕೆ ಚಮಚ ತಾಗಿಸಿದ ಹಾಗೆ ಟಿಕ್. ದೊಡ್ಡ ಬಿಡುವು. ಟಿಕ್.

ಕಾಲ ಬುಡದಲ್ಲಿ ಟರ್ರ್ರ್ ಎಂದಿತು.

"ಇದು ಶಿಖರದ ಕಪ್ಪೆ," ಎಂದಳು ಮೆರ್ಲ್, ಯಂತ್ರ ಎತ್ತಿ ಹಿಡಿದು. "ಇವರು ಬಿಟ್ಟಿದ್ದು ಎಲೆಕಪ್ಪೆ. ಸೋಮವಾರ ಇದೇ ಗುಡ್ಡದಲ್ಲಿ ಹಿಡಿದಿದ್ದು. ಅದರ ಮನೆಗೇ ಅದನ್ನ ಹೆಲಿಕಾಪ್ಟರಲ್ಲಿ ತಂದು ಬಿಟ್ಟು ಭಾಷಣ ಮಾಡಿದ್ದಾರೆ. ಯಾಕೆ ಅಂದ್ರೆ ಪ್ರೊಫೆಸರಿಗೆ ತಮ್ಮ ಕಪ್ಪೆ ಕೂಗು ಗೊತ್ತಿಲ್ಲ. ಅದು ಎಲ್ಲಿರತ್ತೆ ಅಂತಾನೂ ಗೊತ್ತಿಲ್ಲ. ಇವರ ನಕ್ಷೆ ಪ್ರಕಾರ ಅದು ಮಲಾಂಡದ ಫುಟ್‌ಬಾಲ್ ಮೈದಾನದಲ್ಲಿದೆ. ಜಾಗ ಗೊತ್ತಿದ್ದವನ ಹೆಸರು ಈಗ ಕೇಳಿದ್ರಲ್ಲ. ಕ್ಲಾರಿ ಕಾರ್ಮೋಡಿ. ಇವರ ಪ್ರಬಂಧದಲ್ಲಿ ಸ್ಥಳೀಯ ಸ್ವಯಂಸೇವಕ."

"ಅಯ್ಯೋ, ನಮ್ಮ ಕಕ್ಕಸಿನ ಹಿಂದೆ ಟರ್ರ್ ಅನ್ನೋದು ಇದೇ ಅಲ್ವೇನ್ರೋ?" ಎಂದ ಹೈನುಗಾರನೊಬ್ಬ. ಅಲ್ಲಿಗೆ ಕಟ್ಟೆ ಒಡೆಯಿತು. ಕ್ಯಾಮೆರಾ ಹಿಡಿದವನ ಭುಜ ನಗುವಿಗೆ ಕುಣಿಯುತ್ತಿತ್ತು. ಮಂತ್ರಿ ಕೈಗಡಿಯಾರ ನೋಡಿಕೊಂಡು ಹೆಲಿಕಾಪ್ಟರಿನತ್ತ ನಡೆದರು, ಹೊಸ ಬೂಟು ಕೆಸರಲ್ಲಿ ಜಾರಿತು. ಪೆಂಬರ್ಟನ್ ಖಾಲಿ ಐಸ್‌ಕ್ರೀಮ್ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದ. ಸುಳ್ಳು ಯಾಕೆ ಹೇಳಬೇಕು, ಮೆರ್ಲ್‌ಗೆ ಆ ಗಳಿಗೆ ಸ್ವರ್ಗ. ಅವನ ಮುಖವನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು, ಹೊಟ್ಟೆ ತುಂಬ ನೋಡಿದಳು.

"ಒಂದು ಮಾತು ಹೇಳ್ಬಹುದಿತ್ತು ನನಗೆ," ಎಂದ ಅವನು, ಅವಳಿಗೆ ಮಾತ್ರ ಕೇಳುವಂತೆ.

"ಒಂದು ಫೋನ್ ಮಾಡ್ಬಹುದಿತ್ತು ನೀವು," ಎಂದಳು ಮೆರ್ಲ್.

ಒಂದು ವಾರ ಆ ಕಪ್ಪೆಯ ಟರ್ರ್ ಸದ್ದು ದೇಶದ ಎಲ್ಲ ಟಿವಿಗಳಲ್ಲೂ ಕೇಳಿತು. ಕ್ಲಾರಿಯ ದನಿಯೂ ಕೇಳಿತು. ಪೆಂಬರ್ಟನ್ ರಜೆ ಹಾಕಿದ, ಆಮೇಲೆ ರಾಜೀನಾಮೆ ಕೊಟ್ಟ. ಒಂಬತ್ತು ಪ್ರಬಂಧಗಳಲ್ಲಿ ನಾಲ್ಕನ್ನು ಹಿಂತೆಗೆದುಕೊಂಡರು. ಮಲಾಂಡದ ಹೋಟೆಲಿನಲ್ಲಿ ಮೆರ್ಲ್ ಬಿಯರಿಗೆಂದು ಜೇಬಿಗೆ ಕೈ ಹಾಕಿದರೆ ಬೇರೆ ಯಾರಾದರೂ ಕಾಸು ಕೊಡುತ್ತಿದ್ದರು. ಫುಟ್‌ಬಾಲ್ ತಂಡದವರು ಅಂಗಿಯ ಮೇಲೆ ಕಪ್ಪೆಯ ಚಿತ್ರ ಹಾಕಿಸಿಕೊಂಡರು. ಮೆರ್ಲ್ ವರ್ಷಗಳ ನಂತರ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಕಪ್ಪೆಯನ್ನು ಸಾಗಿಸುವ ಕೆಲಸವನ್ನು ಸರ್ಕಾರ ಬೇರೊಂದು ತಂಡಕ್ಕೆ ವಹಿಸಿತು ಎಂದು ಕೇಳಿ ಇನ್ನೂ ಹಿಗ್ಗಿದಳು. ಈ ಸಲವಾದರೂ ನಿಜವಾದ ಜಾಗ ಹಿಡಿದು ಸರಿಯಾದ ಲೆಕ್ಕ ಮಾಡುತ್ತಾರೆ, ಸರಿಯಾದ ಬೆಟ್ಟ ಸಿಗುತ್ತದೆ, ಆ ಲೆಕ್ಕದ ತುಂಬ ಕ್ಲಾರಿ ಇರುತ್ತಾನೆ. ಅವರು ಕೇಳಿದ ಕೂಡಲೇ ಕೊಡಲೆಂದು ನೋಟ್‌ಬುಕ್ಕುಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಳು.

ಬಂದವಳು ಕಾರ್ಲಾ. ಕೇರ್ನ್ಸ್‌ನಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು. ಐವೀಯೂ ಅಡುಗೆಮನೆಯಲ್ಲೇ ಇದ್ದಳು. ಕಾರ್ಲಾ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸದೆ ಕೂತಳು.

"ಮೆರ್ಲ್, ಹೊಸ ತಂಡದವರು ನಿಮ್ಮ ದಾಖಲೆ ಕೇಳಿದ್ರು. ಈ ಸಲ ಸರಿಯಾಗಿ, ನನಗೆ ಫೋನ್ ಮಾಡಿ ಕೇಳಿದ್ರು."

"ಕೊಟ್ಬಿಡು. ಹೂಂ ಅಂತಿದ್ದೀನಿ. ನೋಟ್‌ಬುಕ್ಕೂ ತಗೊಂಡು ಹೋಗು."

"ಕೊಡೋಕಾಗಲ್ಲ." ಕಾರ್ಲಾ ಅವಳ ಮುಖ ನೋಡಲಿಲ್ಲ. "ಸಮಿತಿ ಕೂತಿತ್ತು. ಸುಳ್ಳು ಚೀಟಿ ಬರೆದವರ ದಾಖಲೆ ಇಟ್ಕೊಳ್ಳೋ ಹಾಗಿಲ್ಲ. ಒಂದೇ ಚೀಟಿ ಆದ್ರೂ ಅಷ್ಟೆ. ಒಂದು ಸುಳ್ಳು ಅಂತ ಗೊತ್ತಾದ್ರೆ ಮಿಕ್ಕಿದ್ದು ನಿಜ ಅಂತ ಹೇಗೆ ನಂಬೋದು? ನೀವು ನಲವತ್ತು ಬರ್ದಿದ್ದೀರಿ."

"ಅದು ಕಳ್ಳನ್ನ ಹಿಡಿಯೋಕೆ ಬರ್ದಿದ್ದು! ಇಡೀ ದೇಶಕ್ಕೆ ಗೊತ್ತು!"

"ಗೊತ್ತು ಮೆರ್ಲ್. ನಾನೂ ನಕ್ಕಿದ್ದೀನಿ. ಆದ್ರೆ ಇಪ್ಪತ್ತು ವರ್ಷ ಆದ್ಮೇಲೆ ದಾಖಲೆ ನೋಡೋರಿಗೆ ನಿಮ್ಮ ಜಗಳ ಕಾಣಲ್ಲ. ಚೀಟಿ ಕಾಣತ್ತೆ."

"ಸರಿ, ನನ್ನದು ತೆಗೀರಿ. ನನ್ನದೆಲ್ಲ ಸುಟ್ಟುಹಾಕಿ. ಕ್ಲಾರಿದು ಬಿಟ್ಬಿಡಿ. ಅವನು ಸುಳ್ಳು ಬರ್ದಿಲ್ಲ. ಅವನು ಸತ್ತು ನಾಲ್ಕು ವರ್ಷ ಆಯ್ತು, ಕಾರ್ಲಾ."

ಕಾರ್ಲಾ ಒಂದು ನೋಟ್‌ಬುಕ್ ಎಳೆದು ತೆರೆದಳು. ಇನ್ನೊಂದು ತೆರೆದಳು. ಪ್ರತಿ ಸಾಲಿನ ಕೊನೆಯಲ್ಲೂ ಒಂದೇ ರುಜು.

"ಇದರಲ್ಲಿ ಯಾವುದು ಅವರದು, ಯಾವುದು ನಿಮ್ಮದು, ನೀವು ಹೇಳ್ಬಲ್ಲಿರಾ?"

ಮೆರ್ಲ್ ಕನ್ನಡಕ ಹಾಕಿಕೊಂಡಳು. ಹಾಳೆ ತಿರುವಿದಳು. ಅವನು ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಅವಳ ಕೈ ಚಳಿಗೆ ಮರಗಟ್ಟಿದರೆ ಅವನು ಬರೆಯುತ್ತಿದ್ದ. ಹದಿನೇಳು ವರ್ಷದಲ್ಲಿ ಅಕ್ಷರಗಳೂ ಒಂದರ ಹಾಗೆ ಒಂದು ಆಗಿಹೋಗಿದ್ದವು. ಅವಳು ಹಾಳೆ ತಿರುವುತ್ತಲೇ ಇದ್ದಳು.

"ಇಲ್ಲ," ಎಂದಳು ಕೊನೆಗೆ. "ಹೇಳೋಕಾಗಲ್ಲ."

"ಅವರು ಮೊದಲಿಂದ ಶುರು ಮಾಡ್ತಾರಂತೆ. ಹೊಸದಾಗಿ ಅಳೆದು, ಎಣಿಸಿ. ಲೆಕ್ಕಕ್ಕೆ ಸಾಕಾಗೋಷ್ಟು ಆಗೋಕೆ ಹತ್ತು ವರ್ಷ ಬೇಕು ಅಂದ್ರು."

"ಹಾಬ್ಸನ್ ತುದಿ ಬಿಸಿಯಾಗ್ತಿದೆ. ಆ ಕಪ್ಪೆಗೆ ಹತ್ತು ವರ್ಷ ಇಲ್ಲ."

"ಇಲ್ಲ," ಎಂದಳು ಕಾರ್ಲಾ.

ಅವಳು ಹೊರಡುವ ಮೊದಲು ಮೆರ್ಲ್ ನಕ್ಷೆ ತೋರಿಸು ಎಂದು ಹಟ ಹಿಡಿದಳು. ಕಾರ್ಲಾ ಬೇಡವೆಂದರೂ ಫೋನಿನಲ್ಲಿ ತೆರೆದು ಕೊಟ್ಟಳು. ಹಾಬ್ಸನ್ ಶಿಖರ ಇತ್ತು,  ಮಲಾಂಡ ಇತ್ತು, ಮೈದಾನ ಇತ್ತು. ಚುಕ್ಕೆ ಒಂದೂ ಇರಲಿಲ್ಲ. ಆ ಬೆಟ್ಟಕ್ಕೆ ಯಾರೂ ಯಾವತ್ತೂ ಹತ್ತಿಯೇ ಇಲ್ಲ ಎನ್ನುವ ಹಾಗೆ ಹಸಿರು ಬಣ್ಣ ಸಪಾಟಾಗಿತ್ತು.

ಕಾರು ಹೋದ ಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಐವೀ ಕಿಟಕಿಯ ಕಡೆ ನೋಡುತ್ತಿದ್ದಳು.

"ಆ ಪ್ರೊಫೆಸರು ಕ್ಲಾರಿ ಹೆಸರು ಬರೀಲಿಲ್ಲ, ಅಷ್ಟೇ ಐವೀ," ಎಂದಳು ಮೆರ್ಲ್. "ಅಳಿಸಿದ್ದು ನಾನು."

ಅಲ್ಲ ಕಣೇ ಎಂದು ಐವೀ ಅನ್ನಬಹುದಿತ್ತು. ಮೆರ್ಲ್ ಅದಕ್ಕಾಗಿ ಕಾದಳು. ಐವೀ ಎದ್ದು ತನ್ನ ಲೋಟ ತೊಳೆದಿಟ್ಟು, ಬಾಗಿಲ ಹಿಂದಿನ ಟೋಪಿ ತಲೆಗಿಟ್ಟುಕೊಂಡಳು.

"ಹಾಲು ಕರೆಯೋ ಹೊತ್ತಾಯ್ತು," ಎಂದಳು ಕ್ಲಾರಿಯ ತಂಗಿ. ಹೊರಗೆ ಹೋಗಿ ಗಾಡಿ ಹತ್ತಿದಳು. ಆಗ ಇನ್ನೂ ಮಧ್ಯಾಹ್ನ ಒಂದು ಗಂಟೆ.